ಗಂಡಿಲಿಗಳ ಫಲವತ್ತತೆ: ಅರ್ಜಿನೈನ್, ಕಾರ್ನಿಟಿನ್, ಎನ್-ಅಸಿಟೈಲ್ ಸಿಸ್ಟೀನ್ ಹೋಲಿಕೆ

ಗಂಡಿಲಿಗೆ ಯಾವ ಅಮೈನೋ ಆಮ್ಲ ಕೊಟ್ಟರೆ ಫಲವತ್ತತೆ ಹೆಚ್ಚುತ್ತದೆ ಎಂದು ಯಾರಾದರೂ ಕೇಳಿದರೆ, ಎಷ್ಟು ದಿನ ಕೊಡುತ್ತೀರಿ ಎಂದು ನಾನು ತಿರುಗಿ ಕೇಳುತ್ತೇನೆ. ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗ, ಪ್ರಾಣಿ ನೀತಿ ಸಮಿತಿಯ ಒಪ್ಪಿಗೆ ಪಡೆದು, ಸ್ವಿಸ್ ಅಲ್ಬಿನೋ ತಳಿಯ ಬಿಳಿ ಇಲಿಗಳ ಮೂರು ಗುಂಪುಗಳಿಗೆ ಅರ್ಜಿನೈನ್, ಕಾರ್ನಿಟಿನ್ ಮತ್ತು ಎನ್-ಅಸಿಟೈಲ್ ಸಿಸ್ಟೀನ್‌ಗಳನ್ನೂ ನಾಲ್ಕನೆಯ ಗುಂಪಿಗೆ ಬರಿಯ ನೀರನ್ನೂ 21 ದಿನ ಕೊಟ್ಟು ನೋಡಿದ್ದೆ; ನಾಲ್ಕೂ ಗುಂಪುಗಳು ಒಂದೇ ರೀತಿ ಕಂಡವು. ತಪ್ಪು ನನ್ನದೇ. ಇಲಿಯ ವೃಷಣದಲ್ಲಿ ಮೂಲಕೋಶವೊಂದು ವೀರ್ಯಾಣುವಾಗಿ ರೂಪುಗೊಳ್ಳಲು ಸುಮಾರು 35 ದಿನ ಬೇಕು, ಆಮೇಲೆ ಅದು ವೃಷಣಕ್ಕೆ ಅಂಟಿಕೊಂಡಿರುವ, ವೀರ್ಯಾಣು ಬಲಿಯುವ ಎಪಿಡಿಡಿಮಿಸ್ ನಾಳವನ್ನು ದಾಟಲು ಇನ್ನೂ ಕೆಲವು ದಿನಗಳು ಹಿಡಿಯುತ್ತವೆ; ಹೀಗಾಗಿ ನಾನು ಎಣಿಸಿದ ವೀರ್ಯಾಣುಗಳು ಮೊದಲ ಡೋಸಿಗೂ ಮುಂಚೆಯೇ ಅರ್ಧ ದಾರಿ ಸವೆಸಿದ್ದವು. ಎರಡನೆಯ ಸಲ 45 ದಿನ ಕೊಟ್ಟೆ.

ಕೊಡುವುದರಲ್ಲೇ ಮೂರಕ್ಕೂ ಅಜಗಜಾಂತರ. ಶುದ್ಧ ಅರ್ಜಿನೈನ್ ನೀರನ್ನು ತೀವ್ರ ಕ್ಷಾರೀಯವಾಗಿಸುವುದರಿಂದ ಅದರ ಹೈಡ್ರೋಕ್ಲೋರೈಡ್ ರೂಪವನ್ನು ಬಳಸಬೇಕಾಯಿತು. ಕಾರ್ನಿಟಿನ್ ಗಾಳಿಯ ತೇವವನ್ನು ಎಷ್ಟು ಬೇಗ ಹೀರುತ್ತದೆಂದರೆ, ಮಳೆಗಾಲದ ದಿನ ತೂಗುವಷ್ಟರಲ್ಲೇ ತಕ್ಕಡಿಯ ಮೇಲೆ ಅಂಟಾಗಿಬಿಡುತ್ತಿತ್ತು. ಎನ್-ಅಸಿಟೈಲ್ ಸಿಸ್ಟೀನ್‌ಗೆ ಹುಳಿಯ ಜೊತೆಗೆ ಗಂಧಕದ ವಾಸನೆಯೂ ಇದ್ದು, ನೀರಿನಲ್ಲಿ ಇಟ್ಟರೆ ಕೆಡುವುದರಿಂದ ದಿನವೂ ಹೊಸದಾಗಿ ಬೆರೆಸಿ ಹುಳಿಯನ್ನು ತಟಸ್ಥಗೊಳಿಸಬೇಕಿತ್ತು. ಇಲಿ ದಿನಕ್ಕೆ ಕುಡಿಯುವುದು 4ರಿಂದ 6 ಮಿ.ಲೀ. ನೀರು, ರುಚಿ ಹಿಡಿಸದಿದ್ದರೆ ಅದೂ ಇಲ್ಲ. ಆದ್ದರಿಂದ ಬಾಟಲಿಯನ್ನು ಬಿಟ್ಟು, ದುಂಡು ತುದಿಯ ಸೂಜಿಯಿಂದ ನೇರವಾಗಿ ಜಠರಕ್ಕೆ 0.3 ಮಿ.ಲೀ. ಮೀರದಂತೆ ಕೊಟ್ಟೆ. ದಿನವೂ ಹಿಡಿಯುವುದೇ ಇಲಿಗೆ ಒಂದು ಒತ್ತಡವಾದ್ದರಿಂದ ನಾಲ್ಕನೆಯ ಗುಂಪಿಗೂ ನೀರನ್ನು ಹಾಗೆಯೇ ಕೊಡಬೇಕಾಯಿತು. ಇನ್ನೊಂದು ಅಮೈನೋ ಆಮ್ಲವಾದ ಡಿ-ಆಸ್ಪಾರ್ಟಿಕ್ ಆಮ್ಲವನ್ನೂ ಸೇರಿಸುವ ಆಸೆಯಿತ್ತು, ಆದರೆ ನೀರಿನಲ್ಲಿ ಸರಿಯಾಗಿ ಕರಗದ ಅದರ ಹರಳುಗಳು ಸೂಜಿಯಲ್ಲಿ ಸಿಕ್ಕಿಕೊಂಡಾಗ ಕೈಬಿಟ್ಟೆ.

ಅರ್ಜಿನೈನ್‌ನ ಹೆಸರು ಹಳೆಯದು. ಅದಿಲ್ಲದ ಆಹಾರ ತಿಂದ ಗಂಡಸರಲ್ಲಿ ವೀರ್ಯಾಣುಗಳ ಸಂಖ್ಯೆ ಕುಸಿಯಿತೆಂದು ಸಂಶೋಧಕರಾದ ಹೋಲ್ಟ್ ಮತ್ತು ಅಲ್ಬನೇಸಿ 1944ರಲ್ಲಿ ವರದಿ ಮಾಡಿದ್ದರು. ವೀರ್ಯಾಣುವಿನ ತಲೆಯೊಳಗೆ ಡಿಎನ್‌ಎಯನ್ನು ಬಿಗಿಯಾಗಿ ಸುತ್ತಿಡುವ ಪ್ರೋಟಮೈನ್‌ಗಳಲ್ಲೂ ಅರ್ಜಿನೈನೇ ಹೇರಳವಾಗಿದೆ. ಆದರೆ ಕೊರತೆಯನ್ನು ತುಂಬುವುದು ಬೇರೆ, ಹೊಟ್ಟೆ ತುಂಬಿದವನಿಗೆ ಮತ್ತೆ ಬಡಿಸುವುದು ಬೇರೆ. ಪ್ರಯೋಗಾಲಯದ ಉಂಡೆ ಆಹಾರದಲ್ಲಿ ಸಾಕಷ್ಟು ಪ್ರೋಟೀನ್ ಇರುವ ಕಾರಣ ನನ್ನ ಇಲಿಗಳಲ್ಲಿ ಅರ್ಜಿನೈನ್‌ನಿಂದ ಹೇಳಿಕೊಳ್ಳುವಂತಹ ಬದಲಾವಣೆ ಕಾಣಲಿಲ್ಲ.

ಕಾರ್ನಿಟಿನ್ ಪ್ರೋಟೀನ್ ಕಟ್ಟುವ ಅಮೈನೋ ಆಮ್ಲವಲ್ಲ, ದೇಹವು ಲೈಸಿನ್ ಮತ್ತು ಮೆಥಿಯೋನಿನ್‌ಗಳಿಂದ ಮಾಡಿಕೊಳ್ಳುವ ವಸ್ತು. ಆದರೂ ಮಾರಾಟವಾಗುವುದು ಇದೇ ಸಾಲಿನಲ್ಲಿ. ಕೊಬ್ಬಿನಾಮ್ಲಗಳನ್ನು ಕೋಶದ ಶಕ್ತಿಕೇಂದ್ರವಾದ ಮೈಟೋಕಾಂಡ್ರಿಯದೊಳಕ್ಕೆ ಸಾಗಿಸುವುದು ಅದರ ಕೆಲಸ, ಮತ್ತು ಎಪಿಡಿಡಿಮಿಸ್ ಅದನ್ನು ರಕ್ತದಿಂದ ಸೆಳೆದು ಕೂಡಿಹಾಕುತ್ತದೆ. ಎಂದರೆ ಅದು ಮುಟ್ಟುವುದು ವೀರ್ಯಾಣುವಿನ ಪಯಣದ ಕೊನೆಯ ಹಂತವನ್ನು. 37 ಡಿಗ್ರಿಗೆ ಬೆಚ್ಚಗಿಟ್ಟ ಸ್ಲೈಡಿನಲ್ಲಿ ಮುಂದೆ ಈಜುವ ವೀರ್ಯಾಣುಗಳು ಹೆಚ್ಚಾಗಿ ಕಂಡವು, ಸಂಖ್ಯೆ ಮಾತ್ರ ಬದಲಾಗಲಿಲ್ಲ. ಒಂದನ್ನು ಮುಚ್ಚಿಡದೆ ಹೇಳಬೇಕು: ಯಾವ ಸ್ಲೈಡು ಯಾವ ಗುಂಪಿನದೆಂದು ಗೊತ್ತಾಗದಂತೆ ಸಹೋದ್ಯೋಗಿಯೊಬ್ಬರು ಗುರುತು ಬದಲಿಸಿ ಕೊಟ್ಟ ಮೇಲೆ ನಾನೇ ಮತ್ತೆ ಎಣಿಸಿದಾಗ ಆ ಹೆಚ್ಚಳದ ಬಹುಪಾಲು ಕರಗಿಹೋಯಿತು.

ಎನ್-ಅಸಿಟೈಲ್ ಸಿಸ್ಟೀನ್ ಆರೋಗ್ಯವಂತ ಇಲಿಗಳಲ್ಲಿ ಏನನ್ನೂ ಮಾಡಲಿಲ್ಲ. ಆದರೆ ಅರಿವಳಿಕೆ ಕೊಟ್ಟು ವೃಷಣಗಳನ್ನು 43 ಡಿಗ್ರಿ ನೀರಿನಲ್ಲಿ ಕೆಲ ನಿಮಿಷ ಇರಿಸಿದ ಇನ್ನೊಂದು ತಂಡದಲ್ಲಿ, ಅದನ್ನು ಪಡೆದ ಇಲಿಗಳ ವೃಷಣದೊಳಗಿನ, ವೀರ್ಯಾಣು ಹುಟ್ಟುವ ನಾಳಗಳು ಉಳಿದವುಗಳಷ್ಟು ಬರಿದಾಗಿರಲಿಲ್ಲ. ಶಾಖದ ಪೆಟ್ಟಿನಿಂದ ಉತ್ಕರ್ಷಣೆ ಹೆಚ್ಚುತ್ತದೆ, ಅದನ್ನು ತಡೆಯುವ ಗ್ಲುಟಾಥಯೋನ್ ತಯಾರಿಗೆ ಸಿಸ್ಟೀನ್ ಬೇಕು, ಆ ಸಿಸ್ಟೀನನ್ನು ಒದಗಿಸುವುದು ಎನ್-ಅಸಿಟೈಲ್ ಸಿಸ್ಟೀನ್. ಈ ಸರಪಳಿಯಿಂದ ನಾನು ಕಂಡದ್ದನ್ನು ವಿವರಿಸಬಹುದೆಂದು ನನ್ನ ಎಣಿಕೆ.

ಹೆಣ್ಣಿಲಿಗಳೊಂದಿಗೆ ಬಿಟ್ಟು, ದಿನ ಬೆಳಿಗ್ಗೆ ಯೋನಿಯಲ್ಲಿ ಕೂಡಿದ್ದರ ಗುರುತಾದ ಬೆಣೆ ಕಟ್ಟಿದೆಯೇ ಎಂದು ನೋಡಿ, ಸುಮಾರು ಮೂರು ವಾರದ ಬಳಿಕ ಮರಿಗಳನ್ನು ಎಣಿಸಿದಾಗ ಆರೋಗ್ಯವಂತ ಗುಂಪುಗಳ ನಡುವೆ ವ್ಯತ್ಯಾಸವೇ ಇರಲಿಲ್ಲ. ಇಲಿ ಅಗತ್ಯಕ್ಕಿಂತ ಎಷ್ಟೋ ಪಾಲು ಹೆಚ್ಚು ವೀರ್ಯಾಣುಗಳನ್ನು ಬಿಡುವುದರಿಂದ ಮರಿಗಳ ಎಣಿಕೆ ಬಹಳ ಮೊಂಡಾದ ಅಳತೆಗೋಲು. ಮತ್ತೆ ಮಾಡುವುದಾದರೆ ಕಾರ್ನಿಟಿನ್ ಅನ್ನು ಹತ್ತು ಹನ್ನೆರಡು ದಿನ ಮಾತ್ರ ಕೊಟ್ಟು ಚಲನೆಯನ್ನಷ್ಟೇ ಅಳೆಯುತ್ತೇನೆ, ಎನ್-ಅಸಿಟೈಲ್ ಸಿಸ್ಟೀನ್ ಅನ್ನು ಶಾಖದ ಪೆಟ್ಟು ತಿಂದ ಇಲಿಗಳಿಗೇ ಮೀಸಲಿಡುತ್ತೇನೆ, ಅರ್ಜಿನೈನ್ ಅನ್ನು ಅದಿಲ್ಲದ ವಿಶೇಷ ಆಹಾರ ಕೈಗೆ ಸಿಗುವವರೆಗೆ ಮುಟ್ಟುವುದಿಲ್ಲ.