ಕೊಡಗಿನವರಿಗೆ ಕಣ್ಣೂರೋ, ಮಂಗಳೂರೋ?

ನಮ್ಮ ಜಿಲ್ಲೆಯಲ್ಲಿ ವಿಮಾನ ನಿಲ್ದಾಣವಿಲ್ಲ. ದುಬೈಗೆ ಹೋಗುವವರು ಕಣ್ಣೂರು ಅಥವಾ ಮಂಗಳೂರಿನತ್ತ ನೋಡಬೇಕು. ಆಕಾಶದಲ್ಲಿ ಅಳೆದರೆ ಇವೆರಡರ ನಡುವೆ ಸುಮಾರು 135 ಕಿ.ಮೀ. ಅಷ್ಟೇ. ದುಬೈಗೆ ಎರಡು ಕಡೆಯಿಂದಲೂ ಹೆಚ್ಚುಕಡಿಮೆ 4 ಗಂಟೆ. ಹಾಗಾಗಿ ಹಾರಾಟದ ಸಮಯಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ರಸ್ತೆ ನೋಡಿ.

ಕಣ್ಣೂರು ನಿಲ್ದಾಣ ಇರುವುದು ಮಟ್ಟನ್ನೂರಿನಲ್ಲಿ. 2018ರ ಡಿಸೆಂಬರ್‌ನಲ್ಲಿ ಶುರುವಾಯಿತು. ವಿರಾಜಪೇಟೆಯಿಂದ ಮಾಕುಟ್ಟ, ಇರಿಟ್ಟಿ ದಾರಿಯಲ್ಲಿ ಸುಮಾರು 60 ಕಿ.ಮೀ., ಮಡಿಕೇರಿಯಿಂದ ಸುಮಾರು 90. ವಿರಾಜಪೇಟೆ, ಗೋಣಿಕೊಪ್ಪ, ಪೊನ್ನಂಪೇಟೆ ಕಡೆಯವರು ಬೇರೆ ಯೋಚನೆ ಮಾಡುವುದೇ ಬೇಡ. ಆದರೆ ಮಾಕುಟ್ಟ ಘಾಟಿ ಕಾಡಿನ ದಾರಿ, ತಿರುವು ಜಾಸ್ತಿ. ಮಳೆಗಾಲದಲ್ಲಿ ಮರ ಬೀಳುತ್ತದೆ, ಮಣ್ಣು ಕುಸಿಯುತ್ತದೆ. ರಾತ್ರಿ ಹೊರಡುವುದಾದರೆ ದಾರಿ ತೆರೆದಿದೆಯಾ ಅಂತ ಮೊದಲೇ ವಿಚಾರಿಸಿ, ಎರಡು ಗಂಟೆ ಕೈಯಲ್ಲಿಟ್ಟುಕೊಳ್ಳಿ.

ಮಂಗಳೂರಿಗೆ ಮಡಿಕೇರಿಯಿಂದ ಸಂಪಾಜೆ, ಸುಳ್ಯ, ಪುತ್ತೂರು ದಾಟಿ ಸುಮಾರು 140 ಕಿ.ಮೀ. ಆಗುತ್ತದೆ. ಸಂಪಾಜೆಯವರಿಗೆ ಇದೇ ಸಲೀಸು, ಘಾಟಿ ಹತ್ತಿ ಇಳಿಯುವ ಕೆಲಸವೇ ಇಲ್ಲ. ಮಡಿಕೇರಿಯವರಿಗೆ ಮಾತ್ರ ಮಳೆಯ ಭಯ ಇಲ್ಲೂ ತಪ್ಪದು: 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡಿನಲ್ಲಿ ಗುಡ್ಡ ಕುಸಿದು ಈ ರಸ್ತೆಯೇ ಮುಚ್ಚಿತ್ತು.

ಮಡಿಕೇರಿಯವರು ಬೇಸಿಗೆಯಲ್ಲಿ ಕಣ್ಣೂರನ್ನೇ ಆರಿಸಿಕೊಳ್ಳಿ ಅನ್ನುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಟಿಕೆಟ್ ದರಕ್ಕಿಂತ ಮೊದಲು ಘಾಟಿಯ ಸುದ್ದಿ ನೋಡಿ.