ಎನ್‌ಬಿಎ ಸಲಹಾ ಸಮಿತಿಯ ಡ್ರಾಫ್ಟ್ ಅಂದಾಜು: ಎಷ್ಟು ನಂಬಬಹುದು, ಎಲ್ಲಿ ಸಾಲದು

ಓದು ಮುಗಿಯುವ ಮೊದಲೇ ಡ್ರಾಫ್ಟ್‌ಗೆ, ಅಂದರೆ ವೃತ್ತಿಪರ ಲೀಗ್ ಎನ್‌ಬಿಎಯ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪ್ರಕ್ರಿಯೆಗೆ, ಹೆಸರು ಕೊಡಲೋ ಬೇಡವೋ ಎಂದು ತೂಗುತ್ತಿರುವ ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಆಟಗಾರನಿಗೆ ಸಲಹೆ ಹೇಳುವವರಿಗೇನೂ ಬರವಿಲ್ಲ. ಅವನು ಉಳಿದರೆ ಕೋಚ್‌ಗೆ ಅನುಕೂಲ, ಹೊರಟರೆ ಏಜೆಂಟ್‌ಗೆ ಅನುಕೂಲ. ಯಾರು ಎಷ್ಟನೆಯವರಾಗಿ ಆಯ್ಕೆಯಾಗುತ್ತಾರೆಂದು ಊಹಿಸುವ ಪಟ್ಟಿಗಳು ವಾರಕ್ಕೊಮ್ಮೆ ಬದಲಾಗುತ್ತವೆ. ಆಯ್ಕೆ ಮಾಡುವವರಿಂದಲೇ ಉತ್ತರ ತರಿಸಿಕೊಳ್ಳುವ ಅಧಿಕೃತ ದಾರಿಯೆಂದರೆ ಎನ್‌ಬಿಎಯ ಅಂಡರ್‌ಗ್ರಾಜುಯೇಟ್ ಅಡ್ವೈಸರಿ ಕಮಿಟಿ. ಎನ್‌ಬಿಎ ತಂಡಗಳ ಆಡಳಿತದಲ್ಲಿರುವವರೇ ಇದರ ಸದಸ್ಯರು. ಇದನ್ನು ಪ್ರತಿಯೊಬ್ಬ ಆಟಗಾರನೂ ಬಳಸಿಕೊಳ್ಳಲೇಬೇಕು ಎಂಬುದು ನಮ್ಮ ಅಭಿಪ್ರಾಯ. ಆದರೆ ಈ ಸಮಿತಿ ಉತ್ತರಿಸುವುದು ಒಂದೇ ಒಂದು ಪ್ರಶ್ನೆಗೆ ಎನ್ನುವುದು ಗೊತ್ತಿದ್ದು ಬಳಸಬೇಕು.

ಆ ಪ್ರಶ್ನೆ ಇಷ್ಟೇ: ಈ ವರ್ಷ ಡ್ರಾಫ್ಟ್‌ಗೆ ಬಂದರೆ ಸುಮಾರು ಎಲ್ಲಿ ಆಯ್ಕೆಯಾಗಬಹುದು? ಉತ್ತರ ಒಂದು ಅಂಕಿಯಾಗಿ ಬರುವುದಿಲ್ಲ, ಒಂದು ವ್ಯಾಪ್ತಿಯಾಗಿ ಬರುತ್ತದೆ. ‘ಲಾಟರಿ’ ಎಂದು ಕರೆಯುವ ಮೊದಲ 14 ಸ್ಥಾನಗಳು, 30ರೊಳಗಿನ ಮೊದಲ ಸುತ್ತು, ಆಮೇಲಿನ ಎರಡನೇ ಸುತ್ತು, ಅಥವಾ ಯಾರೂ ಆಯ್ಕೆ ಮಾಡಲಾರರು ಎಂಬುದು. ಅಂದಾಜು ಗೋಪ್ಯವಾಗಿರುತ್ತದೆ, ಅದಕ್ಕೆ ಯಾವ ತಂಡವೂ ಬದ್ಧವಲ್ಲ. ಹಲವು ತಂಡಗಳ ಅಭಿಪ್ರಾಯ ಸೇರಿ ಮೂಡಿದ್ದರಿಂದ ತಂಡಕ್ಕಾಗಿ ಆಟಗಾರರನ್ನು ಹುಡುಕುವ ಯಾರೋ ಒಬ್ಬ ಸ್ಕೌಟ್‌ನ ಮೆಚ್ಚುಗೆಗಿಂತ ಇದರ ತೂಕ ಹೆಚ್ಚು. ಅದೇ ಕಾರಣಕ್ಕೆ ಒಂದು ಕೊರತೆಯೂ ಇದೆ. ಆಟಗಾರನ ಶೈಲಿ ಒಂದೇ ಒಂದು ತಂಡಕ್ಕೆ ಬಹಳ ಹಿಡಿಸಿದ್ದರೆ ಆ ಸಂಗತಿ ಇಲ್ಲಿ ಕಾಣಿಸದು. ಡ್ರಾಫ್ಟ್‌ನಲ್ಲಿ ಹುಡುಗನ ಪಾಲಿಗೆ ಬೇಕಾಗಿರುವುದಾದರೋ ಒಂದೇ ತಂಡ.

ಸಮಿತಿಗೆ ಅರ್ಜಿ ಹಾಕುವುದರಿಂದ ಇನ್ನೊಂದು ಪ್ರಯೋಜನವಿದೆ, ಹಲವರ ಗಮನಕ್ಕೆ ಅದು ತಡವಾಗಿ ಬರುತ್ತದೆ. ಅಮೆರಿಕದ ಮಾಜಿ ವಿದೇಶಾಂಗ ಸಚಿವೆ ಕಾಂಡೊಲೀಜಾ ರೈಸ್ ನೇತೃತ್ವದ ಕಾಲೇಜು ಬ್ಯಾಸ್ಕೆಟ್‌ಬಾಲ್ ಆಯೋಗದ ಶಿಫಾರಸುಗಳ ನಂತರ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ ಎನ್‌ಸಿಎಎ 2018ರಲ್ಲಿ ತಂದ ನಿಯಮದ ಪ್ರಕಾರ, ಸಮಿತಿಯ ಅಂದಾಜು ಕೇಳಿದ ಆಟಗಾರ ಎನ್‌ಸಿಎಎ ಪ್ರಮಾಣಪತ್ರ ಹೊಂದಿದ ಏಜೆಂಟ್‌ನ ನೆರವು ಪಡೆದೂ ಕಾಲೇಜಿಗೆ ಮರಳಬಹುದು. ಒಪ್ಪಂದ ಬರಹದಲ್ಲಿರಬೇಕು, ಮರಳುವಾಗ ಅದನ್ನು ಕೊನೆಗೊಳಿಸಬೇಕು. ಏಜೆಂಟ್‌ನ ಬಳಿ ಪ್ರಮಾಣಪತ್ರ ಇದೆಯೇ ಎಂಬುದನ್ನು ಅವನ ಬಾಯಿಮಾತಿನಿಂದ ನಂಬದೆ, ಕಾಲೇಜಿನಲ್ಲಿ ನಿಯಮಪಾಲನೆ ನೋಡಿಕೊಳ್ಳುವ ಕಚೇರಿಯಿಂದ ಖಚಿತಪಡಿಸಿಕೊಳ್ಳಿ. ಇಲ್ಲಿ ಎಡವಿದರೆ ಕಾಲೇಜು ಆಡುವ ಅರ್ಹತೆಯೇ ಹೋಗಬಹುದು.

ಈಗ ಗಡುವುಗಳ ವಿಷಯಕ್ಕೆ ಬರೋಣ. ಅತಿ ಹೆಚ್ಚು ಗೊಂದಲ ಇರುವುದು ಇಲ್ಲೇ. 2025ರ ಲೆಕ್ಕವನ್ನೇ ನೋಡಿ. ಡ್ರಾಫ್ಟ್ ಶುರುವಾಗಿದ್ದು ಜೂನ್ 25ಕ್ಕೆ. ಅದಕ್ಕೆ 60 ದಿನ ಮೊದಲು, ಅಂದರೆ ಏಪ್ರಿಲ್ 26ರೊಳಗೆ, ಹೆಸರು ಕೊಡಬೇಕಿತ್ತು. ಹಿಂತೆಗೆದುಕೊಳ್ಳಲು ಎನ್‌ಬಿಎ ಇಟ್ಟಿದ್ದ ಗಡುವು ಡ್ರಾಫ್ಟ್‌ಗೆ 10 ದಿನ ಮೊದಲು, ಜೂನ್ 15. ಆದರೆ ಕಾಲೇಜಿಗೆ ಮರಳುವವರಿಗೆ ಆ ತಾರೀಖು ಲೆಕ್ಕಕ್ಕೇ ಇಲ್ಲ! ಎನ್‌ಸಿಎಎ ಗಡುವು ಕಂಬೈನ್ (ಡ್ರಾಫ್ಟ್‌ಗೆ ಮೊದಲು ಆಟಗಾರರನ್ನು ಅಳೆದು ಪರೀಕ್ಷಿಸುವ ಶಿಬಿರ) ಮುಗಿದ 10 ದಿನಕ್ಕೆ, ಆ ವರ್ಷ ಮೇ 28ಕ್ಕೆ, ಮುಗಿದಿತ್ತು. ಜೂನ್ ಮೊದಲ ವಾರ ಹಿಂದೆ ಸರಿದವನ ಹೆಸರು ಎನ್‌ಬಿಎ ಪಟ್ಟಿಯಿಂದ ಹೋಗುತ್ತದೆ, ಕಾಲೇಜು ತಂಡದ ಬಾಗಿಲು ಮಾತ್ರ ಅಷ್ಟರಲ್ಲಿ ಮುಚ್ಚಿರುತ್ತದೆ. ಹಾಗಾಗಿ ಕಾಲೇಜಿನವರ ಗೋಡೆಯ ಮೇಲೆ ಇರಬೇಕಾದ್ದು ಮೇ ತಿಂಗಳ ತಾರೀಖು. ಹಿಂದೆ ಸರಿಯುವ ತೀರ್ಮಾನವನ್ನು ಲಿಖಿತವಾಗಿ ಕಳಿಸಿ, ತಲುಪಿತೆಂಬ ಉತ್ತರ ಬರುವ ತನಕ ಸುಮ್ಮನಾಗಬೇಡಿ. ಕೊನೆಯ ರಾತ್ರಿಗೆ ಉಳಿಸಿಕೊಳ್ಳುವ ಕೆಲಸ ಇದಲ್ಲ.

ಬೇರೆ ಕಾಲೇಜಿಗೆ ಹೋಗುವ ಯೋಚನೆ ಒಂದಿಷ್ಟು ಇದ್ದರೂ ಇನ್ನೊಂದು ಬಾಗಿಲು ನೆನಪಿರಲಿ. ಕಾಲೇಜು ಬದಲಿಸುವವರು ಹೆಸರು ದಾಖಲಿಸುವ ಟ್ರಾನ್ಸ್‌ಫರ್ ಪೋರ್ಟಲ್ ಮುಚ್ಚುವುದು ಡ್ರಾಫ್ಟ್‌ನಿಂದ ಹಿಂದೆ ಸರಿಯುವ ಗಡುವಿಗಿಂತ ಮೊದಲೇ. ಡ್ರಾಫ್ಟ್‌ಗೆ ಹೆಸರು ಕೊಟ್ಟ ಮಾತ್ರಕ್ಕೆ ಪೋರ್ಟಲ್‌ಗೆ ಹೆಸರು ಸೇರುವುದಿಲ್ಲ, ಎರಡೂ ಬೇರೆ ಬೇರೆ. ಏಪ್ರಿಲ್, ಮೇ ತಿಂಗಳ ತರಗತಿಗಳನ್ನು ಬಿಟ್ಟು ತರಬೇತಿಗೆ ಓಡುವುದು ಇನ್ನೊಂದು ಸಾಮಾನ್ಯ ತಪ್ಪು. ಮೇ ಕೊನೆಗೆ ಮರಳಿ ಬಂದವನಿಗೆ ಬಾಕಿ ಉಳಿದ ವಿಷಯಗಳೇ ಮುಂದಿನ ಋತುವಿಗೆ ಅಡ್ಡಿಯಾಗುತ್ತವೆ.

ಅಂದಾಜಿನ ನಂತರ ಸಿಗುವ ದೊಡ್ಡ ಅವಕಾಶ ಮೇ ತಿಂಗಳಲ್ಲಿ ಷಿಕಾಗೊದಲ್ಲಿ ನಡೆಯುವ ಕಂಬೈನ್. ಯಾರನ್ನು ಕರೆಯಬೇಕೆಂದು ತಂಡಗಳೇ ಮತ ಹಾಕುತ್ತವೆ, ಹಾಗಾಗಿ ಆಹ್ವಾನ ಬಂತೋ ಇಲ್ಲವೋ ಎಂಬುದೂ ಒಂದು ಉತ್ತರವೇ. ಸಮಿತಿ ‘ಎರಡನೇ ಸುತ್ತು’ ಎಂದಿದ್ದು ಆಹ್ವಾನ ಬಾರದಿದ್ದರೆ ಆ ಅಂದಾಜನ್ನು ಇನ್ನೊಂದು ಮೆಟ್ಟಿಲು ಕೆಳಗಿಳಿಸಿ ಓದುವುದು ಒಳ್ಳೆಯದು. ಅಲ್ಲಿ ಬೂಟಿಲ್ಲದೆ ಎತ್ತರ ಅಳೆಯುತ್ತಾರೆ. ಚಾಚಿದ ತೋಳುಗಳ ಉದ್ದ, ನಿಂತಲ್ಲೇ ಕೈಯೆತ್ತಿದಾಗಿನ ಎಟುಕು, ಅಂಗೈ ಅಗಲ, ನಿಂತು ಮತ್ತು ಓಡಿಬಂದು ನೆಗೆಯುವ ಎತ್ತರ, ಮುಕ್ಕಾಲು ಅಂಕಣದ ಓಟ, ಎಲ್ಲವೂ ಕಾಗದಕ್ಕೆ ಇಳಿಯುತ್ತವೆ. ಕಾಲೇಜಿನ ಪಟ್ಟಿಯಲ್ಲಿ ಉದಾರವಾಗಿ ಸೇರಿಸಿದ ಒಂದೆರಡು ಇಂಚು ಇಲ್ಲಿ ಕರಗಿಹೋಗುತ್ತದೆ. ಎತ್ತರ ಇಳಿದರೂ ತೋಳು ಉದ್ದವಿದ್ದರೆ ತಂಡಗಳು ಅಷ್ಟಾಗಿ ತಲೆಕೆಡಿಸಿಕೊಳ್ಳುವುದಿಲ್ಲ. ಎರಡೂ ಕಡಿಮೆಯಾದರೆ ಆಟಗಾರ ಎದುರಾಳಿಯ ಯಾವ ಯಾವ ಸ್ಥಾನದವರನ್ನು ತಡೆಯಬಲ್ಲ ಎಂಬ ಲೆಕ್ಕವೇ ಬದಲಾಗುತ್ತದೆ.

ಕಂಬೈನ್ ಒಬ್ಬನ ದಿಕ್ಕನ್ನೇ ಬದಲಿಸಬಹುದು ಎಂಬುದಕ್ಕೆ 2018ರ ಡಾಂಟೆ ಡಿವಿನ್ಸೆಂಜೊ ಒಳ್ಳೆಯ ಉದಾಹರಣೆ. ವಿಲನೋವಾ ತಂಡದೊಂದಿಗೆ ಕಾಲೇಜು ಪ್ರಶಸ್ತಿ ಗೆದ್ದು ಬಂದ ಅವರು ಅಲ್ಲಿ 42 ಇಂಚು ನೆಗೆದರು, ಐದೈದು ಜನರ ಪಂದ್ಯಗಳಲ್ಲೂ ಮಿಂಚಿದರು, ಡ್ರಾಫ್ಟ್‌ನಲ್ಲೇ ಉಳಿದು 17ನೆಯವರಾಗಿ ಮಿಲ್ವಾಕಿಗೆ ಆಯ್ಕೆಯಾದರು. ಹಿಂದೆ ಸರಿದು ಗೆದ್ದವರೂ ಇದ್ದಾರೆ. ಪರ್ಡ್ಯೂದ ಜ್ಯಾಕ್ ಈಡಿ 2023ರಲ್ಲಿ ಹೆಸರು ಹಿಂತೆಗೆದುಕೊಂಡು ಮರಳಿದರು, 2024ರಲ್ಲಿ ತಂಡವನ್ನು ಫೈನಲ್‌ಗೆ ಒಯ್ದು 9ನೆಯವರಾಗಿ ಮೆಂಫಿಸ್ ಸೇರಿದರು. ಇನ್ನೊಂದು ಬದಿಗೆ, ಕ್ಯಾಲಿಫೋರ್ನಿಯಾದ ಐವನ್ ರ‍್ಯಾಬ್ 2016ರಲ್ಲಿ ಲಾಟರಿಯ ಮಾತು ಕೇಳಿಬರುತ್ತಿದ್ದಾಗ ಉಳಿದುಕೊಂಡರು, ಮರುವರ್ಷ ಆಯ್ಕೆಯಾದದ್ದು 35ನೆಯವರಾಗಿ. ಇನ್ನೊಂದು ವರ್ಷ ಉಳಿದರೆ ತನ್ನ ಬೆಲೆ ಏನಾದೀತು ಎಂಬುದನ್ನು ಸಮಿತಿ ಹೇಳುವುದಿಲ್ಲ, ಹೇಳುವುದು ಅದರ ಕೆಲಸವೂ ಅಲ್ಲ. ವಯಸ್ಸು ಏರಿದಂತೆ ತಂಡಗಳು ಬೆಳವಣಿಗೆಯ ಭರವಸೆಯನ್ನು ಕಡಿಮೆ ಅಂದಾಜಿಸುತ್ತವೆ ಎಂಬುದನ್ನು ಆಟಗಾರನೇ ಲೆಕ್ಕಕ್ಕೆ ಹಿಡಿಯಬೇಕು.

ವ್ಯಾಪ್ತಿಯನ್ನು ದುಡ್ಡಿಗೆ ಪರಿವರ್ತಿಸಿ ನೋಡಿದಾಗಲೇ ಅದರ ನಿಜವಾದ ಅರ್ಥ ತಿಳಿಯುವುದು. ಮೊದಲ ಸುತ್ತಿನವರಿಗೆ ನಿಗದಿತ ಸಂಬಳದ ಶ್ರೇಣಿಯಿದೆ. ಅದರ ಶೇ 80ರಿಂದ 120ರವರೆಗೆ ಕೊಡಬಹುದು, ಸಾಮಾನ್ಯವಾಗಿ 120 ಸಿಗುತ್ತದೆ. ನಾಲ್ಕು ವರ್ಷಗಳಲ್ಲಿ ಮೊದಲೆರಡು ಖಾತರಿ, ಉಳಿದೆರಡು ತಂಡದ ಇಚ್ಛೆಗೆ ಬಿಟ್ಟದ್ದು. 31ನೇ ಸ್ಥಾನಕ್ಕೆ ಬಂದೊಡನೆ ಈ ಶ್ರೇಣಿ ಇಲ್ಲ, ಎಲ್ಲವೂ ಮಾತುಕತೆ. ಎರಡನೇ ಸುತ್ತಿನ ಕೊನೆಯವರಿಗೆ ಬಹಳಷ್ಟು ಸಲ ಸಿಗುವುದು ಟು-ವೇ ಒಪ್ಪಂದ. 2024–25ರಲ್ಲಿ ಅದರ ಮೊತ್ತ 5,78,577 ಡಾಲರ್, ಹೊಸಬರ ಕನಿಷ್ಠ ಸಂಬಳದ ಅರ್ಧ. ಎನ್‌ಬಿಎ ತಂಡದ ಆಡುವ ಪಟ್ಟಿಯಲ್ಲಿ 50 ಪಂದ್ಯಗಳವರೆಗೆ ಮಾತ್ರ ಇರಬಹುದು, ಉಳಿದ ದಿನಗಳು ಎನ್‌ಬಿಎಯ ಕೆಳಹಂತದ ಜಿ ಲೀಗ್‌ನಲ್ಲಿ.

2021ರ ಜುಲೈ ತನಕ ಇದಕ್ಕೆ ಎದುರಾಗಿ ಕಾಲೇಜು ಕೊಡುತ್ತಿದ್ದುದು ವಿದ್ಯಾರ್ಥಿವೇತನ. ಆ ತಿಂಗಳಿಂದ ಆಟಗಾರರು ತಮ್ಮ ಹೆಸರು, ಮುಖವನ್ನು ಜಾಹೀರಾತಿನಂಥವಕ್ಕೆ ಕೊಟ್ಟು ದುಡ್ಡು ಗಳಿಸಬಹುದಾಯಿತು. 2025ರ ಜುಲೈಯಿಂದ ಕಾಲೇಜುಗಳೇ ವರಮಾನ ಹಂಚಲು ಆರಂಭಿಸಿವೆ, ಮೊದಲ ವರ್ಷದ ಮಿತಿ ಕಾಲೇಜೊಂದಕ್ಕೆ ಎಲ್ಲ ಕ್ರೀಡೆಗಳೂ ಸೇರಿ ಸುಮಾರು 2.05 ಕೋಟಿ ಡಾಲರ್. ದೊಡ್ಡ ಕಾಲೇಜಿನ ಮುಖ್ಯ ಆಟಗಾರನಿಗೆ ಈಗ ಟು-ವೇ ಒಪ್ಪಂದಕ್ಕಿಂತ ಹೆಚ್ಚು ದುಡ್ಡು ಕಾಲೇಜಿನಲ್ಲೇ ಸಿಗಬಹುದು. ಅವಧಿಗೆ ಮೊದಲೇ ಹೆಸರು ಕೊಟ್ಟವರು 2021ರಲ್ಲಿ 353 ಇದ್ದದ್ದು 2025ರಲ್ಲಿ 106ಕ್ಕೆ ಇಳಿದಿರುವುದರ ಹಿಂದೆ ಈ ಲೆಕ್ಕಾಚಾರ ದೊಡ್ಡ ಪಾಲು ಹೊಂದಿದೆ. (2021ರಲ್ಲಿ ಕೋವಿಡ್‌ನಿಂದಾಗಿ ಎಲ್ಲರಿಗೂ ಒಂದು ಹೆಚ್ಚುವರಿ ವರ್ಷ ಸಿಕ್ಕಿದ್ದೂ ಆ ಸಂಖ್ಯೆಯನ್ನು ಉಬ್ಬಿಸಿತ್ತು.)

ಹೀಗಿರುವಾಗ ಲಾಟರಿ ಎಂದು ಉತ್ತರ ಬಂದವನು ಹೊರಡುವುದೇ ಸರಿ. ಯಾರೂ ಆಯ್ಕೆ ಮಾಡಲಾರರು ಎಂದು ಬಂದವನಿಗೆ ಕಾಲೇಜಿನಲ್ಲಿ ಒಳ್ಳೆಯ ಜಾಗ ಇದ್ದರೆ ಮರಳುವುದೇ ಸರಿ. ನಿಜವಾದ ಸಂಕಟ 25ರಿಂದ 45ರ ನಡುವೆ ಇರುವವರದು, ಈ ಸೇವೆ ಮಂಕಾಗುವುದೂ ಅಲ್ಲೇ. 28 ಮತ್ತು 33ರ ನಡುವೆ ಆಟದಲ್ಲಿ ಕೂದಲೆಳೆಯ ಅಂತರ, ಒಪ್ಪಂದದಲ್ಲಿ ಬಹಳ ದೊಡ್ಡ ಅಂತರ. ಅಂದಾಜು ಕೈಸೇರಿದ ನಂತರವೂ ಬೇರೆ ಆಟಗಾರರು ಹಿಂದೆ ಸರಿಯುತ್ತಾರೆ, ತಂಡಗಳು ಸ್ಥಾನಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಈ ವ್ಯಾಪ್ತಿಯಲ್ಲಿರುವವನು ಖಾಸಗಿ ಅಭ್ಯಾಸಕ್ಕೆ ಕರೆದ ಪ್ರತಿ ತಂಡಕ್ಕೂ ಏಜೆಂಟ್ ಮೂಲಕ ಎರಡು ನೇರ ಪ್ರಶ್ನೆ ಕಳಿಸಬೇಕು. ನಿಮ್ಮ ಯಾವ ಆಯ್ಕೆಗೆ ಇವನನ್ನು ಪರಿಗಣಿಸುತ್ತಿದ್ದೀರಿ? ಎರಡನೇ ಸುತ್ತಾದರೆ ಎಷ್ಟು ವರ್ಷ ಖಾತರಿ ಕೊಡುತ್ತೀರಿ? ‘ನಮಗೆ ನಿಮ್ಮ ಆಟ ಇಷ್ಟ’ ಎಂಬುದು ಇವೆರಡರಲ್ಲಿ ಯಾವುದಕ್ಕೂ ಉತ್ತರವಲ್ಲ. ಮೇ ಗಡುವಿನೊಳಗೆ ಕನಿಷ್ಠ ಒಂದು ತಂಡದಿಂದಾದರೂ ಅಂಕಿಯಲ್ಲಿ ಉತ್ತರ ಬರದಿದ್ದರೆ ಮರಳುವುದು ಕ್ಷೇಮ.

ಸಮಿತಿಯಿಂದ ನಾವು ಬಯಸುವುದು ಒಂದು ಸುಧಾರಣೆ. ವ್ಯಾಪ್ತಿಯ ಜೊತೆಗೆ ಕಾರಣವನ್ನೂ ಎರಡು ಸಾಲಿನಲ್ಲಿ ಕೊಡುವಂತಾಗಬೇಕು: ಎಡಗೈ ಡ್ರಿಬಲ್ ದುರ್ಬಲ, ಮೂರಂಕದ ಗೆರೆಯಾಚೆಯಿಂದ ಎಸೆತ ನಿಧಾನ, ಚುರುಕಾದ ಗಾರ್ಡ್‌ಗಳನ್ನು ತಡೆಯುವಾಗ ಕಾಲು ಸಾಗದು ಎಂಬಂಥವು. ಮರಳುವ ಹುಡುಗನಿಗೆ ಬೇಸಿಗೆಯಲ್ಲಿ ಮಾಡಲು ಕೆಲಸ ಸಿಗುತ್ತದೆ, ಅವನ ಕೋಚ್‌ಗೂ ಎಲ್ಲಿಂದ ಶುರುಮಾಡಬೇಕೆಂದು ತಿಳಿಯುತ್ತದೆ.