ಡಾಂಬರಿನ ಕಪ್ಪು ಗಷ್ಟು: ಪೆಂಟೇನ್‌ಗಿಂತ ಹೆಪ್ಟೇನ್ ಏಕೆ, ಡೀಸೆಲ್‌ಗಿಂತ ಝೈಲೀನ್ ಏಕೆ

ಕಳೆದ ಏಪ್ರಿಲ್‌ನಲ್ಲಿ ತುಮಕೂರಿನ ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ, ಎಂ.ಎಸ್ಸಿ. ಓದುತ್ತಿದ್ದ ಇಬ್ಬರು ವಿದ್ಯಾರ್ಥಿಗಳನ್ನು ಜೊತೆಗಿಟ್ಟುಕೊಂಡು, ಒಂದೇ ಡಬ್ಬಿಯ ಡಾಂಬರಿನಿಂದ ಪೆಂಟೇನ್, ಹೆಪ್ಟೇನ್ ಎಂಬ ಎರಡು ದ್ರಾವಕಗಳಲ್ಲಿ ಆಸ್ಫಾಲ್ಟೀನ್ ಎಂಬ ಕಪ್ಪು ಗಷ್ಟನ್ನು ಇಳಿಸಿ ನೋಡಿದೆ. ಕಚ್ಚಾ ತೈಲ ನಮ್ಮ ಊರಿನಲ್ಲಿ ಸಿಗುವ ವಸ್ತುವಲ್ಲ. ಆದರೆ ರಸ್ತೆಗೆ ಹಾಕುವ ವಿಜಿ-30 ದರ್ಜೆಯ ಡಾಂಬರು ಸಿಗುತ್ತದೆ, ಮತ್ತು ಕಚ್ಚಾ ತೈಲವನ್ನು ಬಟ್ಟಿ ಇಳಿಸುವಾಗ ಆಸ್ಫಾಲ್ಟೀನ್ ಆವಿಯಾಗದೆ ತಳದಲ್ಲೇ ಉಳಿಯುವುದರಿಂದ, ಅದನ್ನು ಕಣ್ಣಾರೆ ಕಾಣಲು ಡಾಂಬರು ಸಾಕು.

ಆಸ್ಫಾಲ್ಟೀನ್ ಎಂಬುದು ಸಕ್ಕರೆ ಅಥವಾ ಉಪ್ಪಿನಂತೆ ಒಂದು ನಿರ್ದಿಷ್ಟ ಸಂಯುಕ್ತವಲ್ಲ. 1837ರಲ್ಲಿ ಫ್ರಾನ್ಸಿನ ಬೂಸಾಂಗೋ ಈ ಹೆಸರನ್ನು ಬಳಕೆಗೆ ತಂದರು. ಇಂದು ಹೆಪ್ಟೇನ್‌ನಲ್ಲಿ ಕರಗದೆ ಟಾಲೀನ್‌ನಲ್ಲಿ ಕರಗುವ ಭಾಗಕ್ಕೆಲ್ಲ ಇದೇ ಹೆಸರು. ವ್ಯಾಖ್ಯೆಯೇ ದ್ರಾವಕದ ಮೇಲೆ ನಿಂತಿರುವುದರಿಂದ, ದ್ರಾವಕ ಬದಲಾದರೆ ನಾವು ತೂಗುವ ವಸ್ತುವೇ ಬದಲಾಗುತ್ತದೆ. ಈ ಮಾತನ್ನು ತರಗತಿಯಲ್ಲಿ ಎಷ್ಟೋ ವರ್ಷ ಹೇಳಿದ್ದೆ. ಸೋಸುಕಾಗದದ ಮೇಲೆ ಕಂಡದ್ದು ಆಗಲೇ.

ಎರಡು ಫ್ಲಾಸ್ಕ್‌ಗಳಲ್ಲಿ ತಲಾ 2 ಗ್ರಾಂ ಡಾಂಬರಿಗೆ 80 ಮಿಲಿಲೀಟರ್ ದ್ರಾವಕ, ಒಂದಕ್ಕೆ ಪೆಂಟೇನ್, ಇನ್ನೊಂದಕ್ಕೆ ಹೆಪ್ಟೇನ್, ಹಾಕಿ, ಕಲಕಿ, ರಾತ್ರಿಯಿಡೀ ಕತ್ತಲಲ್ಲಿಟ್ಟು ಮರುದಿನ ಸೋಸಿದೆವು. ಪೆಂಟೇನ್ ಕುದಿಯುವುದು 36 ಡಿಗ್ರಿ ಸೆಲ್ಸಿಯಸ್‌ನಲ್ಲಿ. ತುಮಕೂರಿನ ಬೇಸಗೆಯ ಮಧ್ಯಾಹ್ನ ಅದರ ಹತ್ತಿರಕ್ಕೇ ಹೋಗುತ್ತದೆ. ಮುಚ್ಚಳ ತಾನಾಗಿ ಎದ್ದುಕೊಳ್ಳುತ್ತಿತ್ತು; ಸೋಸುವಾಗಲೇ ದ್ರಾವಕ ಆರಿ, ಕಾಗದದ ಅಂಚಿನಲ್ಲಿ ಕಂದು ಬಳೆಯೊಂದು ಕಟ್ಟಿತು. ಗಷ್ಟು ಹೆಚ್ಚಾಗಿಯೇ ಬಂತು, ಆದರೆ ಕಂದುಬಣ್ಣದ್ದು; ಚಮಚದಿಂದ ಕೆರೆದರೆ ಉದುರದೆ ಅಂಟಿಕೊಂಡು ಎಳೆಯಿತು. ಹೆಪ್ಟೇನ್ ಕುದಿಯಲು 98 ಡಿಗ್ರಿ ಬೇಕು, ಹಾಗಾಗಿ ಫ್ಲಾಸ್ಕ್ ಸುಮ್ಮನೆ ಕೂತಿತ್ತು. ಅದರಲ್ಲಿ ಇಳಿದ ಗಷ್ಟು ಕಡಿಮೆ, ಆದರೆ ಅಚ್ಚ ಕಪ್ಪು. ಒಣಗಿದ ಮೇಲೆ ಮುರಿದ ಇದ್ದಿಲಿನ ಅಂಚಿನಂತೆ ಹೊಳೆದು, ಮುಟ್ಟಿದರೆ ಪುಡಿಯಾಯಿತು. ಪೆಂಟೇನ್ ಇನ್ನೂ ದುರ್ಬಲ ದ್ರಾವಕವಾದ್ದರಿಂದ ಆಸ್ಫಾಲ್ಟೀನ್ ಜೊತೆಗೆ ರಾಳದ ಅಂಶವನ್ನೂ ಕೆಳಗೆ ಬೀಳಿಸುತ್ತದೆ. ಆ ಅಂಟು ಅದರದೇ.

ನನ್ನ ಮಟ್ಟಿಗೆ, ಅಳತೆಗೆ ಹೆಪ್ಟೇನ್ ಒಂದೇ ಸರಿ. ಆದರೆ ಮೊದಲ ಸಲ ನಾವು ಒಂದು ತಪ್ಪು ಮಾಡಿದೆವು: ಗಷ್ಟನ್ನು ಬಿಸಿ ಹೆಪ್ಟೇನ್‌ನಲ್ಲಿ ತೊಳೆಯದೆಯೇ ತೂಗಿದೆವು. ಅದರೊಳಗೆ ಸಿಕ್ಕಿಕೊಂಡಿದ್ದ ಮೇಣ ಮತ್ತು ಎಣ್ಣೆಯೂ ತೂಕಕ್ಕೆ ಬಂದು ಲೆಕ್ಕ ಕೆಟ್ಟಿತು. ಇಡೀ ಪ್ರಯೋಗವನ್ನು ಮತ್ತೆ ಮಾಡಬೇಕಾಯಿತು. ಪೆಂಟೇನ್‌ನಂಥ ಹಗುರ ದ್ರಾವಕಕ್ಕೆ ಜಾಗ ಇರುವುದು ಬೇರೆ ಕಡೆ. ಸಂಸ್ಕರಣಾಗಾರಗಳಲ್ಲಿ ತಳದ ಎಣ್ಣೆಯಿಂದ ಆಸ್ಫಾಲ್ಟೀನನ್ನು ತೆಗೆಯಲು ಪ್ರೊಪೇನ್, ಬ್ಯುಟೇನ್, ಪೆಂಟೇನ್‌ಗಳನ್ನೇ ಬಳಸುತ್ತಾರೆ. ದ್ರಾವಕ ಹಗುರವಾದಷ್ಟೂ ಸಿಗುವ ಎಣ್ಣೆ ಶುದ್ಧ, ಆದರೆ ಪ್ರಮಾಣ ಕಡಿಮೆ.

ಆಸ್ಫಾಲ್ಟೀನ್ ಹೆಚ್ಚಿದ್ದ ತೈಲವೇ ಬಾವಿ, ಕೊಳವೆಗಳನ್ನು ಕಟ್ಟಿಸಿ ಹೆಚ್ಚು ತೊಂದರೆ ಕೊಡುತ್ತದೆಯೇ ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ಹಾಗಿಲ್ಲ. ವೆನೆಜುವೆಲಾದ ಬೊಸ್ಕಾನ್ ತೈಲದಲ್ಲಿ ಅದು ಶೇ 17ರಷ್ಟಿದ್ದರೂ ಬಾವಿಗಳು ಹೆಚ್ಚು ಕಟ್ಟಿಕೊಳ್ಳಲಿಲ್ಲ. ಅಲ್ಜೀರಿಯಾದ ಹಾಸಿ ಮೆಸೌದ್‌ನಲ್ಲಿ ಶೇ 0.15ರಷ್ಟು ಮಾತ್ರ ಇದ್ದರೂ ಕೊಳವೆಗಳು ಕಟ್ಟಿಕೊಂಡವು. ಅಲ್ಲಿನಂಥ ಹಗುರ ತೈಲದಲ್ಲಿ ಕರಗಿರುವ ಅನಿಲ, ಬಾವಿಯಲ್ಲಿ ಒತ್ತಡ ಇಳಿಯುತ್ತಾ ಬಂದಂತೆ ಹಿಗ್ಗಿ, ನಮ್ಮ ಫ್ಲಾಸ್ಕಿನಲ್ಲಿ ಪೆಂಟೇನ್ ಮಾಡಿದ ಕೆಲಸವನ್ನೇ ಅಲ್ಲಿ ಮಾಡುತ್ತದೆ. ಅನಿಲದ ಗುಳ್ಳೆಗಳು ಏಳಲು ಶುರುವಾಗುವ ಒತ್ತಡದ ಆಸುಪಾಸಿನಲ್ಲಿ ಗಷ್ಟು ಅತಿ ಹೆಚ್ಚು ಬೀಳುತ್ತದೆ. ಅನಿಲ ಹೊರಹೋದ ಮೇಲೆ ಎಣ್ಣೆಗೆ ಕರಗಿಸುವ ಶಕ್ತಿ ಮರಳಿ ಬರುತ್ತದೆ.

ಇನ್ನು ಹೀಗೆ ಕಟ್ಟಿಕೊಂಡ ಗಷ್ಟನ್ನು ತೊಳೆಯುವ ವಿಷಯ. ಹೆಪ್ಟೇನ್‌ನಿಂದ ಇಳಿಸಿದ ಕಪ್ಪು ಪುಡಿಯನ್ನು ಟಾಲೀನ್‌ನಲ್ಲಿ ಕರಗಿಸಿ, ಉಕ್ಕಿನ ಪಟ್ಟಿಗಳ ಮೇಲೆ ಬಳಿದು ಒಣಗಿಸಿ, ಒಂದೊಂದನ್ನು ಒಂದೊಂದು ದ್ರವದಲ್ಲಿ ಮುಳುಗಿಸಿದೆವು. ಬಿಸಿನೀರಿನಿಂದ ಏನೂ ಆಗಲಿಲ್ಲ. ಮೇಣವಾಗಿದ್ದರೆ ಕರಗುತ್ತಿತ್ತು, ರಾಜಸ್ಥಾನದ ಬಾಡ್ಮೇರಿನ ಮೇಣಭರಿತ ತೈಲವನ್ನು ಬಿಸಿ ಮಾಡುವ ಕೊಳವೆಯಲ್ಲೇ ಸಾಗಿಸುತ್ತಾರೆ. ಆಸ್ಫಾಲ್ಟೀನ್‌ಗೆ ಕರಗುವ ಉಷ್ಣತೆಯೆಂಬುದೇ ಇಲ್ಲ, ಕಾಯಿಸುತ್ತಲೇ ಹೋದರೆ ಕೊನೆಗೆ ಒಡೆದು ಇದ್ದಿಲಿನಂತಾಗುತ್ತದೆ.

ಡೀಸೆಲ್ ಬಗ್ಗೆ ವಿದ್ಯಾರ್ಥಿಗಳಿಗೆ ಬಹಳ ನಂಬಿಕೆ ಇತ್ತು, ಏಕೆಂದರೆ ರಸ್ತೆ ಕೆಲಸದವರು ಕೈಗೆ ಮೆತ್ತಿದ ಡಾಂಬರನ್ನು ಅದರಿಂದಲೇ ಒರೆಸುತ್ತಾರೆ. ಅಲ್ಲಿ ಅದು ನಡೆಯುತ್ತದೆ, ಡಾಂಬರಿನ ಬಹುಭಾಗ ಎಣ್ಣೆ ಮತ್ತು ರಾಳ. ಬರೀ ಆಸ್ಫಾಲ್ಟೀನ್ ಬಳಿದ ಪಟ್ಟಿಯಲ್ಲಿ ಡೀಸೆಲ್ ತಿಳಿ ಚಹದ ಬಣ್ಣಕ್ಕೆ ತಿರುಗಿತೇ ಹೊರತು ಲೇಪ ಹಾಗೇ ಉಳಿಯಿತು. ಬೆರಳಿಂದ ಉಜ್ಜಿದಾಗ ಚಕ್ಕೆಯಾಗಿ ಎದ್ದು ತಳಕ್ಕೆ ಬಿತ್ತು, ಕರಗಲಿಲ್ಲ. ಕೊಳವೆಯೊಳಗೆ ಹೀಗಾದರೆ ಆ ಚಕ್ಕೆ ಮುಂದಿನ ತಿರುವಿನಲ್ಲಿ ಹೋಗಿ ಕೂರುತ್ತದೆ.

ಟಾಲೀನ್‌ನಲ್ಲಿ ಪಟ್ಟಿ ಇಳಿಸಿದ ಕೂಡಲೇ ಶಾಯಿ ಹರಡಿದಂತೆ ಕಪ್ಪು ಎಳೆಗಳು ಇಳಿದು, ಸ್ವಲ್ಪ ಹೊತ್ತಿನಲ್ಲೇ ಉಕ್ಕು ಬೆಳ್ಳಗೆ ಕಂಡಿತು. ಝೈಲೀನ್ ತುಸು ನಿಧಾನ, ಫಲ ಅಷ್ಟೇ. ಆದರೂ ನಾನು ಆರಿಸುವುದು ಝೈಲೀನ್. ಟಾಲೀನ್‌ನ ಆವಿ ಬರೀ 4 ಡಿಗ್ರಿಯಲ್ಲೇ ಕಿಡಿಗೆ ಹೊತ್ತಿಕೊಳ್ಳಬಲ್ಲದು, ಝೈಲೀನ್‌ಗೆ 25 ಡಿಗ್ರಿ ದಾಟಬೇಕು. ನಮ್ಮ ಬೇಸಗೆಯಲ್ಲಿ ಅದೂ ಪೂರ್ತಿ ನಿರ್ಭಯವಲ್ಲ. ಎರಡನ್ನೂ ಆವಿಯನ್ನು ಹೊರಗೆಳೆಯುವ ಫ್ಯೂಮ್ ಹುಡ್ ಒಳಗೇ ಬಳಸಬೇಕು, ಮನೆಯಲ್ಲಿ ಖಂಡಿತ ಕೂಡದು. ಕಿತ್ತಳೆ ಸಿಪ್ಪೆಯಿಂದ ಬರುವ ಲಿಮೊನೀನನ್ನೂ ಪರೀಕ್ಷಿಸಿದೆವು. ವಾಸನೆ ಹಿತ, ಬೆಂಕಿಯ ಭಯ ಕಡಿಮೆ, ಆದರೆ ಮರುದಿನ ಬೆಳಗ್ಗೆಯೂ ಪಟ್ಟಿಯ ಮೇಲೆ ಮಚ್ಚೆಗಳಿದ್ದವು.

ತೊಳೆದ ಝೈಲೀನ್ ಕಪ್ಪಾಗಿರುವಾಗಲೇ ಅದಕ್ಕೆ ಹೆಪ್ಟೇನ್ ಸುರಿದು ನೋಡಿದೆವು: ಒಂದು ಹಂತದವರೆಗೆ ಏನೂ ಕಾಣದೆ, ಆಮೇಲೆ ಇದ್ದಕ್ಕಿದ್ದಂತೆ ಸಣ್ಣ ಕಪ್ಪು ಚುಕ್ಕೆಗಳು ತೇಲಿ ತಳಕ್ಕಿಳಿದವು. ಆದ್ದರಿಂದ ಪಾತ್ರೆಯನ್ನು ಕೊನೆಯ ಸಲ ಜಾಲಿಸುವುದಕ್ಕೂ ಹೊಸ ಝೈಲೀನನ್ನೇ ತೆಗೆದುಕೊಳ್ಳುತ್ತೇವೆ.